‘ಹೂಂ’ ಅನ್ನೋಕೆ ಮುಂಚೆ ಒಂದು ಉಸಿರು

ಮೂರನೇ ಸೆಮಿಸ್ಟರ್‌ನಲ್ಲಿ ನಾನು ನಾಲ್ಕು ಲ್ಯಾಬ್ ರೆಕಾರ್ಡ್ ಬರೆದೆ. ಒಂದು ನನ್ನದು, ಉಳಿದ ಮೂರು ಬೇರೆಯವರದು. ಯಾರೂ ಬಲವಂತ ಮಾಡಿರಲಿಲ್ಲ. "ಮಗಾ, ನಿನ್ ಹ್ಯಾಂಡ್‌ರೈಟಿಂಗ್ ಸಖತ್ತಾಗಿದೆ ಕಣೋ, ಇದೊಂದು ಬರ್ಕೊಡೋ" ಅಂದರು. "ಅಯ್ಯೋ ಅದಕ್ಕೇನಂತೆ, ಕೊಡು" ಅಂದೆ. ಮಾರನೇ ದಿನ ಮ್ಯಾಥ್ಸ್ ಇಂಟರ್ನಲ್ಸ್ ಇತ್ತು. ರಾತ್ರಿ ಎರಡೂವರೆ ತನಕ ಇನ್ನೊಬ್ಬರ ರೀಡಿಂಗ್ಸ್‌ಗೆ ಸ್ಕೇಲ್ ಇಟ್ಟು ಟೇಬಲ್ ಗೆರೆ ಎಳೀತಾ ಕೂತಿದ್ದೆ. ಆ ಸಲ ನನಗೆ ಮ್ಯಾಥ್ಸ್ ಬ್ಯಾಕ್ ಬಿತ್ತು, ಆ ಮೂವರೂ ಪಾಸಾದರು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅಂತ ಅಜ್ಜಿ ಬೇರೆ ಯಾರಿಗೋ ಹೇಳ್ತಿದ್ದ ಗಾದೆ ನನಗೇ ಬಂದು ತಗುಲಿತು.

ಬ್ಯಾಕ್ ಬಿದ್ದಿದ್ದನ್ನು ಹೇಗೋ ಕ್ಲಿಯರ್ ಮಾಡಿಕೊಂಡೆ. ಆದರೆ ಇನ್ನೊಂದು ವಿಷಯ ಬಹಳ ದಿನ ಕಾಡಿತು. ಅವರು ಕೇಳಿದ ಆ ಕ್ಷಣದಲ್ಲಿ ‘ಆಗಲ್ಲ’ ಅನ್ನೋ ಪದ ನನ್ನ ತಲೆಗೆ ಬರಲೇ ಇಲ್ಲ. ಬಂದಿದ್ದನ್ನ ಸಂಕೋಚಕ್ಕೆ ನುಂಗಿಕೊಂಡೆ ಅಂತಲ್ಲ, ಆ ಪದ ಬರಲೇ ಇಲ್ಲ. ಬಾಯಿ ತಾನಾಗಿ ‘ಹೂಂ’ ಅಂದಿತ್ತು. ನನಗೆ ನಿಜವಾಗಿ ಏನು ಬೇಕಿತ್ತು ಅನ್ನೋದು ಅರ್ಧ ಗಂಟೆ ಆದಮೇಲೆ, ರೂಮಿಗೆ ಬಂದು ರೆಕಾರ್ಡ್ ತೆರೆದಾಗ ಗೊತ್ತಾಯಿತು.

ಈ ಲೇಖನ ಆ ಅರ್ಧ ಗಂಟೆ ಬಗ್ಗೆ. ‘ಪೀಪಲ್ ಪ್ಲೀಸಿಂಗ್’ ಅಂತ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ದಿನಾ ಕೇಳ್ತೀವಿ. ಅದು ಎಲ್ಲಿಂದ ಬರುತ್ತದೆ, ‘ಇನ್ಮೇಲೆ ಗಟ್ಟಿಯಾಗಿರ್ತೀನಿ’ ಅಂತ ಶಪಥ ಮಾಡಿದರೂ ಯಾಕೆ ಹೋಗಲ್ಲ, ಮತ್ತು ನಿಜವಾಗಿ ಏನು ಮಾಡಬಹುದು ಅನ್ನೋದನ್ನ ಓದಿ, ಕೌನ್ಸೆಲರ್ ಹತ್ತಿರ ಮಾತಾಡಿ, ನನ್ನ ಮೇಲೇ ಪ್ರಯೋಗ ಮಾಡಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೀನಿ.

ಒಳ್ಳೆತನ ಯಾವುದು, ಹೆದರಿಕೆ ಯಾವುದು?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸಹಾಯ ಮಾಡೋದು ರೋಗವಲ್ಲ. ಹಾಸ್ಟೆಲ್ ನಡೆಯೋದೇ ಅದರ ಮೇಲೆ. ಜ್ವರ ಬಂದಾಗ ಮೆಸ್ಸಿಂದ ಗಂಜಿ ತಂದುಕೊಡೋ ರೂಮ್‌ಮೇಟ್, ಪರೀಕ್ಷೆ ಹಿಂದಿನ ರಾತ್ರಿ ಪೂರ್ತಿ ಮಾಡ್ಯೂಲ್ ಹೇಳಿಕೊಡೋ ಗೆಳತಿ, ಇವರೆಲ್ಲ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಡಿಗ್ರಿ ಮುಗಿಸ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ದಾಕ್ಷಿಣ್ಯ, ಮುಲಾಜು, ಸಂಕೋಚ ಅಂತ ಇಷ್ಟೊಂದು ಪದ ಇರೋದೂ ಸುಮ್ಮನೆ ಅಲ್ಲ. ಇನ್ನೊಬ್ಬರ ಮನಸ್ಸು ನೋಯಬಾರದು ಅನ್ನೋ ಎಚ್ಚರ ಒಳ್ಳೆಯದೇ.

ಹಾಗಾದರೆ ತೊಂದರೆ ಎಲ್ಲಿ? ಒಂದೇ ಕೆಲಸವನ್ನು ಇಬ್ಬರು ಮಾಡಬಹುದು. ಒಬ್ಬರು ಇಷ್ಟಪಟ್ಟು ಮಾಡ್ತಾರೆ, ಇನ್ನೊಬ್ಬರು ಹೆದರಿ ಮಾಡ್ತಾರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಒಳಗೆ ನೋಡಿಕೊಳ್ಳೋಕೆ ಮೂರು ಪ್ರಶ್ನೆ ಸಾಕು.

1. ಇಲ್ಲ ಅನ್ನೋ ಆಯ್ಕೆ ಆ ಹೊತ್ತಿನಲ್ಲಿ ನನಗೆ ಇತ್ತಾ?
2. ನಾನು ಇಲ್ಲ ಅಂದಿದ್ದರೆ ನನಗೆ ಬೇಜಾರಾಗ್ತಿತ್ತಾ, ಅಥವಾ ಭಯ ಆಗ್ತಿತ್ತಾ?
3. ಕೆಲಸ ಮುಗಿದ ಮೇಲೆ ನೆಮ್ಮದಿ ಉಳಿಯಿತಾ, ಅಥವಾ ‘ನನ್ನನ್ನ ಯಾರೂ ಹೀಗೆ ನೋಡ್ಕೊಳ್ಳಲ್ಲ’ ಅನ್ನೋ ಒಳಗಿನ ಸಿಟ್ಟು ಉಳಿಯಿತಾ?

ಆಯ್ಕೆ ಇರಲಿಲ್ಲ, ಭಯ ಆಗ್ತಿತ್ತು, ಸಿಟ್ಟು ಉಳಿಯಿತು ಅನ್ನೋದು ಮತ್ತೆ ಮತ್ತೆ ಬರೋ ಉತ್ತರವಾದರೆ ಅದನ್ನ ಒಳ್ಳೆತನ ಅಂತ ಕರೆಯೋದು ಕಷ್ಟ. ಅದೊಂದು ಅಲಾರಂ. ಆ ಅಲಾರಂ ಯಾವಾಗಲೋ, ಯಾವುದೋ ಕಾರಣಕ್ಕೆ ನಮ್ಮೊಳಗೆ ಕೂತಿದೆ.

ಈ ಅಲಾರಂ ಕೂತಿದ್ದು ಯಾವಾಗ?

ಅಪಾಯ ಎದುರಾದಾಗ ದೇಹ ಜಗಳಕ್ಕೋ ಓಟಕ್ಕೋ ಸಿದ್ಧವಾಗುತ್ತದೆ ಅನ್ನೋದನ್ನ ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದೇ ‘ಫೈಟ್ ಆರ್ ಫ್ಲೈಟ್’. ಆಮೇಲಿನವರು ಅದಕ್ಕೆ ‘ಫ್ರೀಝ್’, ಅಂದರೆ ಮರಗಟ್ಟಿ ನಿಲ್ಲೋದನ್ನ ಸೇರಿಸಿದರು. ಅಮೆರಿಕದ ಥೆರಪಿಸ್ಟ್ ಪೀಟ್ ವಾಕರ್ ನಾಲ್ಕನೆಯದೊಂದಕ್ಕೆ ‘ಫಾನ್’ ಅಂತ ಹೆಸರಿಟ್ಟರು. 2013ರಲ್ಲಿ ಬಂದ ಅವರ ಪುಸ್ತಕದಿಂದ ಆ ಪದ ಹೆಚ್ಚು ಜನಕ್ಕೆ ತಲುಪಿತು. ಎದುರಿಗಿರುವವರನ್ನ ಸಮಾಧಾನ ಮಾಡಿ, ಅವರಿಗೆ ಬೇಕಾದ ಹಾಗೆ ನಡೆದುಕೊಂಡು ಅಪಾಯ ತಪ್ಪಿಸಿಕೊಳ್ಳೋದು ಅಂತ ಅದರ ಅರ್ಥ. ಇದು ವೈದ್ಯರು ಚೀಟಿಯಲ್ಲಿ ಬರೆಯೋ ಕಾಯಿಲೆಯ ಹೆಸರಲ್ಲ. ನಡವಳಿಕೆಯನ್ನ ಅರ್ಥ ಮಾಡಿಕೊಳ್ಳೋಕೆ ಅನುಕೂಲವಾದ ಒಂದು ಪದ, ಅಷ್ಟೇ.

ಎಂಟು ವರ್ಷದ ಮಗುವನ್ನ ಯೋಚನೆ ಮಾಡಿ. ದೊಡ್ಡವರ ಜೊತೆ ಜಗಳ ಆಡಿ ಗೆಲ್ಲೋಕಾಗಲ್ಲ. ಮನೆ ಬಿಟ್ಟು ಓಡಿಹೋಗೋಕೂ ಆಗಲ್ಲ, ಊಟ ಕೊಡೋರೂ ಅವರೇ ಹೆದರಿಸೋರೂ ಅವರೇ. ಉಳಿಯೋ ದಾರಿ ಅಂದರೆ ಅವರ ಮುಖ ಓದೋದು, ಅವರು ಕೇಳೋ ಮುಂಚೆ ಬೇಕಾದ್ದನ್ನ ಮಾಡಿಡೋದು.

ನನ್ನ ಮನೆಯಲ್ಲಿ ಅದು ಸ್ಕೂಟರ್ ಶಬ್ದವಾಗಿತ್ತು. ಅಪ್ಪ ಕುಡಿದು ಬಂದ ದಿನ ಸ್ಕೂಟರ್ ಒಂದು ಥರ ನಿಲ್ಲೋದು, ಕುಡಿಯದ ದಿನ ಇನ್ನೊಂದು ಥರ. ಗೇಟಿನ ಚಿಲಕ ಎಳೆಯೋ ಸದ್ದಿನಲ್ಲೇ ಆ ರಾತ್ರಿ ಹೇಗಿರತ್ತೆ ಅಂತ ನನಗೆ ಗೊತ್ತಾಗಿಬಿಡೋದು. ತಕ್ಷಣ ಟಿವಿ ಆಫ್ ಮಾಡೋದು, ತಮ್ಮನನ್ನ ಒಳಗೆ ಕಳಿಸೋದು, ಒಂದು ಲೋಟ ನೀರು ತಂದಿಡೋದು, ಮಾರ್ಕ್ಸ್ ಚೆನ್ನಾಗಿ ಬಂದಿದ್ದರೆ ಅದನ್ನ ಹೇಳೋದು. ಕೆಲವು ದಿನ ಅದು ಕೆಲಸ ಮಾಡ್ತಿತ್ತು. ಅಮ್ಮನ ಮೇಲೆ ಕೈ ಎತ್ತೋದು ತಪ್ಪುತ್ತಿತ್ತು. ಆಗ ಮಗುವಿನ ತಲೆ ಕಲಿಯೋ ಪಾಠ ಒಂದೇ: ಎಲ್ಲರೂ ಖುಷಿಯಾಗಿದ್ದರೆ ಯಾರಿಗೂ ಏಟು ಬೀಳಲ್ಲ, ಅವರನ್ನ ಖುಷಿಯಾಗಿಡೋದು ನನ್ನ ಕೆಲಸ.

ಇಂಥ ಮನೆಗಳು ಅಪರೂಪ ಅಂತ ನಾನು ಅಂದುಕೊಂಡಿದ್ದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಜೊತೆಗಾರರು 9,508 ವಯಸ್ಕರಿಂದ ಬಾಲ್ಯದ ಬಗ್ಗೆ ಮಾಹಿತಿ ಪಡೆದು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೈಗುಳ, ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಕುಡಿತ ಹೀಗೆ ಏಳು ಬಗೆಯ ಅನುಭವಗಳ ಪಟ್ಟಿ ಅದು. ಅರ್ಧಕ್ಕಿಂತ ಹೆಚ್ಚು ಜನ ಕನಿಷ್ಠ ಒಂದಾದರೂ ಇತ್ತು ಅಂದರು. ಇಂಥ ಅನುಭವಗಳು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತದಂಥ ತೊಂದರೆಗಳು ಹೆಚ್ಚು ಕಂಡವು. ಅದು ಅಲ್ಲಿನ ಲೆಕ್ಕ, ನಮ್ಮೂರಿನ ಲೆಕ್ಕವಲ್ಲ. ಆದರೂ ‘ನಮ್ಮನೆ ಒಂದೇ ಹೀಗೆ’ ಅಂತ ನಾಚಿಕೆಯಲ್ಲಿ ಬೆಳೆದವನಿಗೆ ಅದನ್ನ ಓದಿದಾಗ ಎದೆ ಸ್ವಲ್ಪ ಹಗುರವಾಯಿತು.

ಟ್ರಾಮಾ ಅಂದರೆ ಆಕ್ಸಿಡೆಂಟ್, ಭೂಕಂಪದಂಥ ಒಂದೇ ದೊಡ್ಡ ಘಟನೆ ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ಗೆ ಬೇರೆಯದೇ ಜಾಗ ಕೊಟ್ಟಿದ್ದಾರೆ. ತಪ್ಪಿಸಿಕೊಳ್ಳೋಕಾಗದಂಥ, ಬಹಳ ಕಾಲ ನಡೆದ ಅಥವಾ ಮರುಕಳಿಸಿದ ಆಘಾತಗಳಿಂದ ಬರುವಂಥದ್ದು ಅದು. ಭಾವನೆಗಳನ್ನ ಹಿಡಿತದಲ್ಲಿಡೋದು, ತನ್ನ ಬಗ್ಗೆ ತನಗಿರೋ ಅಭಿಪ್ರಾಯ, ಇನ್ನೊಬ್ಬರ ಜೊತೆಗಿನ ಸಂಬಂಧ, ಈ ಮೂರೂ ಅದರಲ್ಲಿ ಏಟು ತಿನ್ನುತ್ತವೆ. ಹಾಗಂತ ‘ಹೂಂ’ ಅನ್ನೋ ಎಲ್ಲರಿಗೂ ಈ ಕಾಯಿಲೆ ಇದೆ ಅಂತ ತೀರ್ಮಾನ ಮಾಡಬೇಡಿ. ಕೆಲವರಿಗೆ ಸ್ವಭಾವ, ಕೆಲವರಿಗೆ ಬೆಳೆಸಿದ ರೀತಿ, ಇನ್ನು ಕೆಲವರಿಗೆ ಸ್ಕೂಲಲ್ಲಿ ಆದ ಅವಮಾನ. ಕಾರಣ ಏನೇ ಇರಲಿ, ಮುಂದೆ ಹೇಳೋ ಅಭ್ಯಾಸಗಳಲ್ಲಿ ಹೆಚ್ಚಿನವು ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ.

‘ಗಟ್ಟಿ ಆಗು ಗುರು’ ಅಂದರೆ ಯಾಕೆ ಸಾಲಲ್ಲ?

ಇದನ್ನ ಗೆಳೆಯರು ನೂರು ಸಲ ಹೇಳಿರ್ತಾರೆ. ನಾವೂ ಹೊಸ ವರ್ಷಕ್ಕೆ ಶಪಥ ಮಾಡಿರ್ತೀವಿ. ಯಾಕೆ ಆಗಲ್ಲ ಅನ್ನೋಕೆ ಮನಶ್ಶಾಸ್ತ್ರದ ಬಹಳ ಹಳೇ ತತ್ವವೊಂದು ಉತ್ತರ ಕೊಡುತ್ತದೆ. ಬಿ. ಎಫ್. ಸ್ಕಿನ್ನರ್ ಅವರ ಕೆಲಸದಿಂದ ಹೆಸರಾದ ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’. ಅಂದರೆ ಶಿಕ್ಷೆ ಅಲ್ಲ. ಒಂದು ಕೆಲಸ ಮಾಡಿದ ತಕ್ಷಣ ಯಾವುದೋ ಹಿಂಸೆ ನಿಂತುಹೋದರೆ, ಆ ಕೆಲಸವನ್ನ ಮತ್ತೆ ಮಾಡೋ ಸಾಧ್ಯತೆ ಹೆಚ್ಚಾಗುತ್ತದೆ. ಸೀಟ್ ಬೆಲ್ಟ್ ಹಾಕಿದ ತಕ್ಷಣ ಕಾರಿನ ಬೀಪ್ ನಿಲ್ಲತ್ತಲ್ಲ, ಹಾಗೆ.

ನಮ್ಮ ವಿಷಯದಲ್ಲಿ ಹೀಗಾಗತ್ತೆ. ಯಾರೋ ಏನೋ ಕೇಳ್ತಾರೆ. ಹೊಟ್ಟೆಯಲ್ಲಿ ಬೀಪ್ ಶುರು. ‘ಹೂಂ’ ಅಂತೀವಿ. ಅವರು ನಗ್ತಾರೆ. ಬೀಪ್ ನಿಂತಿತು. ಆ ಎರಡು ಸೆಕೆಂಡಿನ ನಿರಾಳಕ್ಕೆ ಮುಂದಿನ ಎರಡು ರಾತ್ರಿ ಅಡ. ಆದರೆ ಮೆದುಳಿಗೆ ಎರಡು ಸೆಕೆಂಡಿನ ಲಾಭ ಮಾತ್ರ ಕಾಣೋದು, ಯಾಕಂದರೆ ಅದು ತಕ್ಷಣ ಬಂತು. ಪ್ರತಿ ‘ಹೂಂ’ ಮುಂದಿನ ‘ಹೂಂ’ಗೆ ತಳಪಾಯ ಹಾಕುತ್ತಾ ಹೋಗುತ್ತದೆ.

ಇನ್ನೊಂದು ಮೋಸವೂ ಇದೆ. ಯಾವತ್ತೂ ಇಲ್ಲ ಅನ್ನದಿದ್ದರೆ, ಇಲ್ಲ ಅಂದರೆ ಏನಾಗತ್ತೆ ಅನ್ನೋ ಡೇಟಾನೇ ನಮ್ಮ ಹತ್ತಿರ ಇರಲ್ಲ. ಇರೋದು ಎಂಟು ವರ್ಷದವನಿದ್ದಾಗಿನ ಡೇಟಾ ಮಾತ್ರ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಹಗ್ಗವನ್ನ ಒಂದು ಸಲವೂ ಮುಟ್ಟದೆ ಇದ್ದರೆ ಅದು ಹಗ್ಗ ಅಂತ ಗೊತ್ತಾಗೋದು ಹೇಗೆ?

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬೇಗ ಅರ್ಥವಾಗೋ ಹಾಗೆ ಹೇಳಬಹುದು. ಕ್ಲೋಸ್ಡ್ ಲೂಪ್ ಸರಿಯಾಗಿ ಕೆಲಸ ಮಾಡೋಕೆ ಒಂದು ರೆಫರೆನ್ಸ್ ಇನ್‌ಪುಟ್ ಬೇಕು. ರೂಮು 24 ಡಿಗ್ರಿ ಇರಬೇಕು ಅಂತ ನಾವು ಸೆಟ್ ಮಾಡಿದರೆ ತಾನೇ ಎಸಿ ಅದಕ್ಕೆ ಹೊಂದಿಕೊಳ್ಳೋದು. ನಮ್ಮಂಥವರಲ್ಲಿ ಸೆನ್ಸರ್ ಅದ್ಭುತವಾಗಿದೆ, ಎದುರಿಗಿರುವವರ ಹುಬ್ಬು ಅರ್ಧ ಮಿಲಿಮೀಟರ್ ಅಲುಗಿದರೂ ಗೊತ್ತಾಗತ್ತೆ. ಆದರೆ ರೆಫರೆನ್ಸ್ ನಮ್ಮದಲ್ಲ. ಅದನ್ನ ಎದುರಿಗಿರುವವರು ಸೆಟ್ ಮಾಡ್ತಾರೆ. ನಾಲ್ಕು ಜನ ನಾಲ್ಕು ಥರ ಸೆಟ್ ಮಾಡಿದಾಗ ಸಿಸ್ಟಮ್ ಓಲಾಡುತ್ತದೆ. ನಾವು ಅದನ್ನ ‘ಕನ್‌ಫ್ಯೂಷನ್’ ಅಂತ ಕರೀತೀವಿ.

ಹಾಗಂತ ನಮ್ಮ ರೆಫರೆನ್ಸ್ ಅಳಿಸಿಹೋಗಿದೆ ಅಂತ ಅಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1960ರಲ್ಲಿ ‘ನಿಜವಾದ ನಾನು, ತೋರಿಕೆಯ ನಾನು’ ಅನ್ನೋ ಬಗ್ಗೆ ಬರೆದರು. ದೊಡ್ಡವರಿಗೆ ಹೊಂದಿಕೊಳ್ಳಲೇಬೇಕಾದ ಮಗು ತೋರಿಕೆಯ ನಾನೊಂದನ್ನ ಕಟ್ಟಿಕೊಳ್ಳುತ್ತದೆ ಅನ್ನೋದು ಅವರ ವಿಚಾರ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಆ ತೋರಿಕೆಯ ನಾನು ಶತ್ರು ಅಲ್ಲ, ಕಾವಲುಗಾರ ಅನ್ನೋ ಮಾತು. ಒಳಗಿನದನ್ನ ಬಚ್ಚಿಟ್ಟು ಕಾಪಾಡೋಕೆ ಅದು ಬಂದಿದ್ದು. ಹಾಗಾಗಿ ‘ಥೂ, ನಾನೆಂಥ ಪುಕ್ಕಲ’ ಅಂತ ಬೈದುಕೊಳ್ಳೋದು ಬೇಕಿಲ್ಲ. ಆ ಕಾವಲುಗಾರ ಆಗ ತನ್ನ ಕೆಲಸ ಸರಿಯಾಗೇ ಮಾಡಿದ. ಈಗ ಡ್ಯೂಟಿ ಮುಗಿದಿದೆ ಅಂತ ಅವನಿಗೆ ಯಾರೂ ಹೇಳಿಲ್ಲ ಅಷ್ಟೇ.

ಪ್ರಯೋಗ: ಆರು ಅಭ್ಯಾಸಗಳು

ಭಯಕ್ಕೆ ಬುದ್ಧಿವಾದ ತಾಕಲ್ಲ, ಹೊಸ ಅನುಭವ ತಾಕುತ್ತದೆ. ಮನೋವೈದ್ಯ ಜೋಸೆಫ್ ವೋಲ್ಪೆ 1958ರ ತಮ್ಮ ಪುಸ್ತಕದಲ್ಲಿ ಭಯವನ್ನ ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲಾಗಿ ಜೋಡಿಸಿ ಒಂದೊಂದೇ ಹತ್ತುವ ವಿಧಾನ ಕೊಟ್ಟರು. ಇಲ್ಲಿರೋ ಮೂರನೇ ಅಭ್ಯಾಸ ಅದೇ ದಾರಿಯದು.

ಒಂದು: ಸಮಯ ಕೊಂಡುಕೊಳ್ಳಿ. ಮೊದಲ ತಿಂಗಳು ‘ಇಲ್ಲ’ ಅನ್ನೋದನ್ನ ಕಲಿಯಲೇ ಬೇಡಿ. ತಕ್ಷಣ ‘ಹೂಂ’ ಅನ್ನೋದನ್ನ ನಿಲ್ಲಿಸೋದು ಮಾತ್ರ ಗುರಿ. ಒಂದು ವಾಕ್ಯ ಬಾಯಿಪಾಠ ಮಾಡಿ: "ನೋಡಿ ಹೇಳ್ತೀನಿ, ಸಂಜೆ ಮೆಸೇಜ್ ಹಾಕ್ತೀನಿ." ಲೆಕ್ಚರರ್ ಆದರೆ, "ಸರ್, ಟೈಮ್ ಟೇಬಲ್ ನೋಡ್ಕೊಂಡು ನಾಳೆ ಬೆಳಿಗ್ಗೆ ತಿಳಿಸ್ತೀನಿ." ವಾಟ್ಸಾಪ್‌ನಲ್ಲಿ ಇನ್ನೂ ಸುಲಭ, ನೀಲಿ ಟಿಕ್ ಬಿದ್ದ ಕೂಡಲೇ ಉತ್ತರ ಕೊಡಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ. ನನಗೆ ಏನು ಬೇಕು ಅನ್ನೋದು ಅರ್ಧ ಗಂಟೆ ತಡವಾಗಿ ಗೊತ್ತಾಗೋದಾದರೆ, ಆ ಅರ್ಧ ಗಂಟೆಯನ್ನ ಮೊದಲೇ ಕೇಳಿ ಇಟ್ಟುಕೊಳ್ಳೋದು ಜಾಣತನ.

ಎರಡು: ದೇಹವನ್ನ ಗಮನಿಸಿ. ಕೇಳಿದ ಕ್ಷಣದಲ್ಲಿ ಭುಜ ಮೇಲೇರಿತಾ, ಗಂಟಲು ಒಣಗಿತಾ, ಬೇಡದ ನಗು ಬಂತಾ, ಮಾತು ಜೋರಾಯಿತಾ? ಒಬ್ಬೊಬ್ಬರದು ಒಂದೊಂದು ಗುರುತು. ನನಗೆ ಅಂಗೈ ತಣ್ಣಗಾಗುತ್ತದೆ. ಅದು ಕಂಡ ತಕ್ಷಣ ‘ಇದು ಸ್ಕೂಟರ್ ಶಬ್ದ’ ಅಂತ ಮನಸ್ಸಲ್ಲೇ ಹೇಳಿಕೊಂಡು ಒಂದು ಉಸಿರು ನಿಧಾನವಾಗಿ ಬಿಡ್ತೀನಿ.

ಮೂರು: ಮೆಟ್ಟಿಲು ಮಾಡಿ. ಸೊನ್ನೆಯಿಂದ ಹತ್ತರವರೆಗೆ ಭಯಕ್ಕೆ ಅಂಕ ಕೊಟ್ಟು ಪಟ್ಟಿ ಬರೀರಿ. ನನ್ನ ಪಟ್ಟಿ ಹೀಗಿತ್ತು:

ಕ್ರೆಡಿಟ್ ಕಾರ್ಡ್ ಬೇಕಾ ಅಂತ ಬರೋ ಫೋನಿಗೆ "ಬೇಡ" ಅಂದು ಇಡೋದು: 1
ಸಕ್ಕರೆ ಇಲ್ಲದ ಟೀ ಕೇಳಿದಾಗ ಸಕ್ಕರೆ ಹಾಕಿ ಕೊಟ್ಟರೆ ಬದಲಾಯಿಸಿಕೊಡಿ ಅನ್ನೋದು: 3
"ಸಿನಿಮಾಗೆ ನಾನ್ ಬರಲ್ಲ, ನೀವ್ ಹೋಗ್ಬನ್ನಿ": 4
"ಗಾಡಿ ಕೊಡೋಕಾಗಲ್ಲ ಮಗಾ": 6
ಪ್ರಾಜೆಕ್ಟ್ ಟೀಮಿಗೆ "ರಿಪೋರ್ಟ್ ಪೂರ್ತಿ ನಾನೊಬ್ಬನೇ ಬರೆಯಲ್ಲ": 8
ಮನೆಗೆ ‘ಈ ಸಲ ಆಗಲ್ಲ’ ಅನ್ನೋದು: 10

ಮೂರಕ್ಕಿಂತ ಕೆಳಗಿರೋದರಿಂದ ಶುರು ಮಾಡಿ. ಕೈ ನಡುಗದೆ ಟೀ ಬದಲಾಯಿಸಿಕೊಳ್ಳೋಕೆ ನನಗೆ ಎರಡು ವಾರ ಬೇಕಾಯಿತು. ನಗಬೇಡಿ, ಆ ಟೀ ಲೋಟ ನನಗೆ ಸೆಮಿಸ್ಟರ್ ಎಂಡ್ ಎಕ್ಸಾಮಿಗಿಂತ ಭಾರವಾಗಿತ್ತು.

ನಾಲ್ಕು: ಚಿಕ್ಕದಾಗಿ ಹೇಳಿ. ಭಯ ಇದ್ದಾಗ ನಾವು ಕಾರಣಗಳ ಪಟ್ಟಿ ಓದ್ತೀವಿ, ಅದರಲ್ಲಿ ಎರಡು ಸುಳ್ಳೂ ಸೇರಿಕೊಳ್ಳುತ್ತವೆ. ಪ್ರತಿ ಕಾರಣವೂ ಎದುರಿನವರಿಗೆ ಚೌಕಾಸಿಗೆ ಒಂದು ಹಿಡಿ.

"ರೆಕಾರ್ಡ್ ಬರ್ಕೊಡ್ತೀಯಾ?"
"ಈ ಸಲ ಆಗಲ್ಲ ಮಗಾ."
"ಒಂದೇ ಎಕ್ಸ್‌ಪೆರಿಮೆಂಟ್ ಕಣೋ, ಪ್ಲೀಸ್."
"ಗೊತ್ತು, ನಿಂಗೂ ಟೆನ್ಷನ್ ಇದೆ. ಆದ್ರೆ ನನ್ನಿಂದ ಆಗಲ್ಲ. ರೀಡಿಂಗ್ಸ್ ಫೋಟೋ ಬೇಕಾದ್ರೆ ಕಳಿಸ್ತೀನಿ."

ಕೇಳಿದಷ್ಟು ಸಲ ಅದೇ ಮಾತನ್ನ ಅದೇ ದನಿಯಲ್ಲಿ ಹೇಳೋದು. 1975ರಲ್ಲಿ ಮ್ಯಾನುಯೆಲ್ ಸ್ಮಿತ್ ಅನ್ನೋ ಮನಶ್ಶಾಸ್ತ್ರಜ್ಞ ತಮ್ಮ ಪುಸ್ತಕದಲ್ಲಿ ಇದನ್ನ ‘ಬ್ರೋಕನ್ ರೆಕಾರ್ಡ್’ ಅಂತ ಕರೆದರು, ಗೀರು ಬಿದ್ದ ಗ್ರಾಮಫೋನ್ ತಟ್ಟೆಯ ಹಾಗೆ. ದನಿ ಏರಿಸೋದೂ ಬೇಡ, ಕ್ಷಮೆ ಕೇಳೋದೂ ಬೇಡ.

ಐದು: ಭವಿಷ್ಯ ಬರೆದಿಟ್ಟು ಫಲಿತಾಂಶ ನೋಡಿ. ಇದು ಇಂಜಿನಿಯರ್‌ಗಳಿಗೆ ಹೇಳಿ ಮಾಡಿಸಿದ ಅಭ್ಯಾಸ. ಇಲ್ಲ ಅನ್ನೋ ಮುಂಚೆ ‘ಏನಾಗತ್ತೆ ಅಂತ ನನಗನ್ನಿಸತ್ತೆ’ ಅಂತ ಒಂದು ಸಾಲು ಬರೀರಿ, ಎರಡು ದಿನ ಬಿಟ್ಟು ‘ನಿಜವಾಗಿ ಏನಾಯಿತು’ ಅಂತ ಇನ್ನೊಂದು ಸಾಲು. ಗಾಡಿ ಕೊಡಲ್ಲ ಅಂದ ದಿನ ನಾನು ಬರೆದಿದ್ದು: ‘ಅವನು ಇನ್ಮೇಲೆ ಮಾತಾಡಲ್ಲ, ಎಲ್ಲರಿಗೂ ಹೇಳ್ತಾನೆ.’ ಆಗಿದ್ದು: ಅವನು ಆಟೋ ಹತ್ತಿ ಹೋದ, ರಾತ್ರಿ ಮೆಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತು ಮ್ಯಾಚ್ ಬಗ್ಗೆ ಮಾತಾಡಿದ. ಇಂಥ ಇಪ್ಪತ್ತು ಸಾಲು ಸೇರಿದಾಗ ಎಂಟು ವರ್ಷದವನ ಡೇಟಾಗೆ ಎದುರಾಗಿ ಇನ್ನೊಂದು ಡೇಟಾ ನಿಲ್ಲುತ್ತದೆ. ಇಲ್ಲ ಅಂದ ಮೇಲೆ ಬರೋ ಅಪರಾಧಿ ಭಾವ ತಪ್ಪು ಮಾಡಿದ್ದರ ಗುರುತಲ್ಲ, ಹೊಸದು ಮಾಡಿದ್ದರ ಗುರುತು. ಅದನ್ನ ಕಳಕೊಳ್ಳೋಕೆ ಓಡಿಹೋಗಿ ‘ಸಾರಿ ಕಣೋ, ತಗೋ ಕೀ’ ಅನ್ನದೆ ಕೂತರೆ ಅದು ತಾನಾಗೇ ಇಳಿಯುತ್ತದೆ.

ಆರು: ಮೊದಲು ಒಬ್ಬರೇ ಬರೆಯಿರಿ, ಆಮೇಲೆ ಒಬ್ಬ ಜೊತೆಗಾರನನ್ನ ಹುಡುಕಿ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಗೆರೆಗಳ ಉದ್ದ ಹೋಲಿಸೋ ಸುಲಭದ ಪರೀಕ್ಷೆ ಕೊಟ್ಟರು. ಗುಂಪಿನಲ್ಲಿ ಒಬ್ಬನನ್ನ ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಉತ್ತರ ಹೇಳ್ತಿದ್ದರು. ಕಣ್ಣೆದುರಿಗೆ ಸರಿ ಉತ್ತರ ಕಾಣ್ತಿದ್ದರೂ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ಜೊತೆ ಹೋದರು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದಾಗ ಅಂಥ ತಪ್ಪು ಕಾಲು ಭಾಗಕ್ಕೆ ಇಳಿಯಿತು. ಉತ್ತರವನ್ನ ಗುಟ್ಟಾಗಿ ಬರೆಯೋಕೆ ಬಿಟ್ಟಾಗಲೂ ಕಡಿಮೆಯಾಯಿತು. ಇದರಲ್ಲಿ ನಮಗೆ ಎರಡು ಪಾಠ. ಗ್ರೂಪ್‌ನಲ್ಲಿ ಪ್ರಾಜೆಕ್ಟ್ ಟಾಪಿಕ್ ಚರ್ಚೆಗೆ ಹೋಗೋ ಮುಂಚೆ ನಿಮ್ಮ ಉತ್ತರವನ್ನ ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಮತ್ತು ನಿಮ್ಮ ‘ಇಲ್ಲ’ವನ್ನ ಕೇಳಿ ಖುಷಿಪಡೋ ಒಬ್ಬ ಗೆಳೆಯನನ್ನಾದರೂ ಇಟ್ಟುಕೊಳ್ಳಿ. ಒಬ್ಬ ಸಾಕು.

ಒಂದು ಎಚ್ಚರಿಕೆ. ಕೆಲವು ಮನೆಗಳಲ್ಲಿ, ಕೆಲವು ಸಂಬಂಧಗಳಲ್ಲಿ ಅಪಾಯ ಇನ್ನೂ ನಿಜವಾಗೇ ಇರುತ್ತದೆ. ಅಲ್ಲಿ ಇರೋದು ಹಗ್ಗವಲ್ಲ, ಹಾವೇ. ಹೊಡೆಯೋ ವ್ಯಕ್ತಿಯ ಎದುರು, ಹೆದರಿಸೋ ಸಂಗಾತಿಯ ಎದುರು ‘ಇಲ್ಲ’ ಅಭ್ಯಾಸ ಮಾಡೋಕೆ ಹೋಗಬೇಡಿ. ಅಲ್ಲಿ ಮೊದಲು ಬೇಕಾದ್ದು ಸುರಕ್ಷಿತ ಜಾಗ, ನಂಬೋ ಹಿರಿಯರು, ಹೊರಗಿನ ಸಹಾಯ. ಅಲ್ಲಿ ಸದ್ಯಕ್ಕೆ ‘ಹೂಂ’ ಅಂದು ಉಳಿದುಕೊಳ್ಳೋದು ಸೋಲಲ್ಲ.

ಸರಿ, ಹಾಗಾದರೆ ನನಗೇನು ಬೇಕು?

ಇಲ್ಲ ಅನ್ನೋದು ಸ್ವಲ್ಪ ಬಂದ ಮೇಲೆ ನಾನು ಊಹಿಸದ ಒಂದು ಖಾಲಿ ಜಾಗ ಕಂಡಿತು. ಕ್ಯಾಂಟೀನಿನಲ್ಲಿ ಗೆಳತಿಯೊಬ್ಬಳು "ನಿಂಗೇನ್ ಬೇಕೋ?" ಅಂದಳು. "ಏನಾದ್ರೂ ಸರಿ" ಅಂದೆ. "ಏನಾದ್ರೂ ಅನ್ನೋ ಐಟಂ ಮೆನುನಲ್ಲಿಲ್ಲ" ಅಂದಳು. ನಾನು ಬೋರ್ಡ್ ನೋಡ್ತಾ ನಿಂತೆ. ಇಡ್ಲಿ ಇಷ್ಟಾನಾ, ಪುಳಿಯೋಗರೆ ಇಷ್ಟಾನಾ, ನಿಜವಾಗಿಯೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ತಟ್ಟೆ ನೋಡಿಯೇ ಆರ್ಡರ್ ಮಾಡಿದ್ದೆ.

ತನ್ನನ್ನ ಹುಡುಕಿಕೊಳ್ಳೋದು ಅಂದರೆ ಹಿಮಾಲಯಕ್ಕೆ ಹೋಗೋದು ಅಂತ ನಾವು ಅಂದುಕೊಂಡಿರ್ತೀವಿ. ಅದು ಇಷ್ಟು ಚಿಕ್ಕದರಿಂದಲೇ ಶುರುವಾಗೋದು. ದಿನಕ್ಕೊಂದು ಆಯ್ಕೆಯನ್ನ ಯಾರನ್ನೂ ಕೇಳದೆ ಮಾಡಿ. ಬಸ್ಸಿನಲ್ಲಿ ಯಾವ ಸೀಟು, ಯಾವ ಹಾಡು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಏನು ಮಾಡೋದು. ಮಾಡಿದ ಮೇಲೆ ‘ಹಿಡಿಸಿತು’, ‘ಹಿಡಿಸಲಿಲ್ಲ’ ಅಂತ ಮಾತ್ರ ಬರೆದಿಡಿ. ಹಿಡಿಸದಿದ್ದರೂ ಲಾಭವೇ, ಒಂದು ವಿಷಯ ಗೊತ್ತಾಯಿತು. ಹತ್ತನೇ ಕ್ಲಾಸಿಗೆ ಮುಂಚೆ ಏನು ಮಾಡ್ತಾ ಹೊತ್ತು ಮರೀತಿದ್ದೆ ಅಂತ ನೆನಪಿಸಿಕೊಳ್ಳೋದೂ ಒಂದು ದಾರಿ. ನಾನು ಹಳೇ ರೇಡಿಯೋ ಬಿಚ್ತಿದ್ದೆ, ಗದ್ದಲ ಆಗತ್ತೆ ಅಂತ ನಿಲ್ಲಿಸಿದ್ದೆ. ಈಗ ರೂಮಲ್ಲಿ ಒಂದು ಸೋಲ್ಡರಿಂಗ್ ಐರನ್ ಇದೆ.

ಈ ಹಂತದಲ್ಲಿ ದೊಡ್ಡ ಪ್ರಶ್ನೆಗಳೂ ಏಳುತ್ತವೆ. ‘ಇಂಜಿನಿಯರಿಂಗ್ ನನಗೆ ಬೇಕಿತ್ತಾ, ಅಪ್ಪನಿಗೆ ಬೇಕಿತ್ತಾ?’ ನಮ್ಮ ಕ್ಯಾಂಪಸ್ಸಿನಲ್ಲಿ ಈ ಪ್ರಶ್ನೆ ರಾತ್ರಿ ಹನ್ನೊಂದರ ಮೇಲೆ ಎಷ್ಟು ರೂಮುಗಳಲ್ಲಿ ಏಳುತ್ತದೋ. ನನ್ನ ಸಲಹೆ, ಆ ರಾತ್ರಿಯೇ ತೀರ್ಮಾನ ಮಾಡಬೇಡಿ. ಬೇರೆಯವರು ಹೇಳಿದರು ಅಂತ ಸೇರೋದು ಎಷ್ಟು ಕುರುಡೋ, ಬೇರೆಯವರು ಹೇಳಿದ್ದು ಅನ್ನೋ ಒಂದೇ ಕಾರಣಕ್ಕೆ ಬಿಡೋದೂ ಅಷ್ಟೇ ಕುರುಡು. ಎರಡರಲ್ಲೂ ರೆಫರೆನ್ಸ್ ಅವರದೇ. ಒಂದು ವರ್ಷ ಚಿಕ್ಕ ಆಯ್ಕೆಗಳಲ್ಲಿ ಪಳಗಿದ ಮೇಲೆ ದೊಡ್ಡ ಪ್ರಶ್ನೆಗೆ ಬರೋ ಉತ್ತರವನ್ನ ಹೆಚ್ಚು ನಂಬಬಹುದು. ನನಗೆ ಬಂದ ಉತ್ತರ, ಇಂಜಿನಿಯರಿಂಗ್ ನನಗೆ ಇಷ್ಟ, ಆದರೆ ಸಾಫ್ಟ್‌ವೇರ್ ಅಲ್ಲ.

ಇನ್ನೊಂದು ಬರುತ್ತದೆ, ದುಃಖ. ಎಂಟು ವರ್ಷದವನು ಆಟ ಆಡ್ತಿರಬೇಕಾಗಿತ್ತು, ಚಿಲಕದ ಸದ್ದು ಕೇಳ್ತಾ ಕೂತಿರಬೇಕಾಗಿರಲಿಲ್ಲ ಅನ್ನೋದು ಒಂದು ದಿನ ಇದ್ದಕ್ಕಿದ್ದ ಹಾಗೆ ಎದೆಗೆ ಬಂದು ಬಡಿಯುತ್ತದೆ. ಸಿಟ್ಟೂ ಬರುತ್ತದೆ. ಮನೋವೈದ್ಯೆ ಜೂಡಿತ್ ಹರ್ಮನ್ ತಮ್ಮ 1992ರ ‘ಟ್ರಾಮಾ ಅಂಡ್ ರಿಕವರಿ’ಯಲ್ಲಿ ಚೇತರಿಕೆಯ ಮೂರು ಹಂತ ಹೇಳುತ್ತಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಆಮೇಲೆ ದಿನನಿತ್ಯದ ಬದುಕಿನ ಜೊತೆ ಮತ್ತೆ ಬೆಸೆದುಕೊಳ್ಳೋದು. ಹಾಗಾಗಿ ಅಳು ಬಂದರೆ ಹಿಂದಕ್ಕೆ ಹೋಗ್ತಿದ್ದೀನಿ ಅಂತ ಹೆದರಬೇಡಿ. ಅದು ದಾರಿಯ ಒಂದು ಭಾಗ.

ಎಡವೋದು ಮತ್ತು ಕೈ ಹಿಡಿಯೋರು

ನೀವು ಖಂಡಿತ ಎಡವ್ತೀರಿ. ನಾನು ‘ಇಲ್ಲ’ ಕಲಿತ ಹೊಸದರಲ್ಲಿ ಜ್ವರ ಬಂದಿದ್ದ ರೂಮ್‌ಮೇಟ್ ಮಾತ್ರೆ ತಂದುಕೊಡು ಅಂದಾಗ "ನಾನೇನ್ ನಿನ್ ಆಳಾ?" ಅಂದುಬಿಟ್ಟೆ. ವರ್ಷಗಟ್ಟಲೆ ಅದುಮಿಟ್ಟ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿತ್ತು. ಆಮೇಲೆ ಮಾತ್ರೆ ತಂದು ಕ್ಷಮೆ ಕೇಳಿದೆ. ಆ ಕ್ಷಮೆ ಭಯದ್ದಲ್ಲ, ನಿಜವಾದ್ದು. ಎರಡಕ್ಕೂ ಇರೋ ವ್ಯತ್ಯಾಸ ಅವತ್ತು ತಿಳಿಯಿತು. ಕೆಲವು ಸ್ನೇಹಗಳು ಸಡಿಲವಾದವು, ಅವು ನನ್ನ ಕೈಬರಹದ ಜೊತೆಗಿದ್ದ ಸ್ನೇಹಗಳು. ಉಳಿದವು ಮೊದಲಿಗಿಂತ ಗಟ್ಟಿಯಾದವು.

ನಿದ್ದೆ ಬರದಿದ್ದರೆ, ಹಳೇ ಘಟನೆಗಳು ಕಣ್ಣೆದುರು ಮತ್ತೆ ನಡೆದ ಹಾಗೆ ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಪ್ರಯೋಗ ಮಾಡ್ತಾ ಕೂರಬೇಡಿ. ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಮ್ಮಂಥವರಿಗೆ ಅಲ್ಲೂ ಒಂದು ತೊಡಕು ಬರುತ್ತದೆ, ‘ಅವರ ಟೈಮ್ ಯಾಕೆ ಹಾಳು ಮಾಡೋದು, ನನಗಿಂತ ಕಷ್ಟದಲ್ಲಿರೋರು ಇದ್ದಾರೆ’ ಅಂತ. ನಾನು ಕೌನ್ಸೆಲರ್ ಬಾಗಿಲ ಹತ್ತಿರ ಹೋಗಿ ಮೂರು ಸಲ ವಾಪಸ್ ಬಂದಿದ್ದು ಅದಕ್ಕೇ. ನಾಲ್ಕನೇ ಸಲ ಒಳಗೆ ಹೋಗಿ ಮೊದಲು ಹೇಳಿದ್ದು, "ಮೇಡಂ, ನೀವು ಬಿಜಿ ಇದ್ರೆ ಆಮೇಲೆ ಬರ್ತೀನಿ." ಅವರು ನಕ್ಕು, "ಇದೇ ತಾನೇ ನೀನು ಬಂದಿರೋ ವಿಷಯ? ಕೂತ್ಕೋ" ಅಂದರು.

ಹತ್ತನೇ ಅಂಕದ ಮೆಟ್ಟಿಲನ್ನ ಹೋದ ಡಿಸೆಂಬರ್‌ನಲ್ಲಿ ಹತ್ತಿದೆ. ಅಮ್ಮ ಫೋನ್ ಮಾಡಿ, "ಸೋದರತ್ತೆ ಮಗಳ ಮದುವೆ, ಎರಡು ದಿನ ಮುಂಚೇನೇ ಬಂದ್ಬಿಡು, ಅಪ್ಪ ಕೇಳ್ತಿದಾರೆ" ಅಂದರು. ಮದುವೆಯ ಮಾರನೇ ದಿನ ನನಗೆ ಎಕ್ಸಾಂ. ಅಂಗೈ ತಣ್ಣಗಾಯಿತು. ಒಂದು ಉಸಿರು ಬಿಟ್ಟೆ. "ಅಮ್ಮ, ನಾಳೆ ಹೇಳ್ತೀನಿ" ಅಂದೆ. ರಾತ್ರಿ ಪುಸ್ತಕದಲ್ಲಿ ಬರೆದೆ: ‘ಅಪ್ಪ ಕೂಗಾಡ್ತಾರೆ, ಅಮ್ಮ ಅಳ್ತಾರೆ.’ ಮಾರನೇ ದಿನ ಫೋನ್ ಮಾಡಿ, "ಅಮ್ಮ, ಮದುವೆಗೆ ಬರೋಕಾಗಲ್ಲ, ಎಕ್ಸಾಂ ಮುಗಿದ ಮೇಲೆ ಬಂದು ಅತ್ತೆ ಮನೆಗೆ ಹೋಗ್ತೀನಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, "ಸರಿ ಕಣೋ. ಚೆನ್ನಾಗಿ ಬರಿ. ಊಟ ಆಯ್ತಾ?" ಅಂದರು.

ಅಪ್ಪ ಎರಡು ವಾರ ಮಾತು ಬಿಟ್ಟರು. ಅದನ್ನೂ ಪುಸ್ತಕದಲ್ಲಿ ಬರೆದಿದ್ದೀನಿ, ಡೇಟಾ ಅಂದಮೇಲೆ ಎಲ್ಲವನ್ನೂ ಬರೆಯಬೇಕು. ಆದರೆ ಆ ಎರಡು ವಾರ ನಾನು ಓದಿದೆ, ಉಂಡೆ, ನಿದ್ದೆ ಮಾಡಿದೆ. ಯಾರಿಗೂ ಏಟು ಬೀಳಲಿಲ್ಲ.

ಈ ವಾರ ನಿಮ್ಮ ಕೆಲಸ ಇಷ್ಟೇ: ಯಾರಾದರೂ ಏನಾದರೂ ಕೇಳಿದಾಗ ಒಂದೇ ಒಂದು ಸಲ ‘ನೋಡಿ ಹೇಳ್ತೀನಿ’ ಅನ್ನಿ. ಮತ್ತೆ ಕ್ಯಾಂಟೀನಿನಲ್ಲಿ ‘ಏನಾದ್ರೂ ಸರಿ’ ಅನ್ನಬೇಡಿ. ಬೋರ್ಡ್ ಪೂರ್ತಿ ಓದಿ, ಹಿಂದೆ ಕ್ಯೂ ನಿಂತಿದ್ದರೂ ಪರವಾಗಿಲ್ಲ. ನನಗೆ ಈಗ ಗೊತ್ತು, ನನ್ನದು ಪುಳಿಯೋಗರೆ.